1999ರಲ್ಲಿ ಟಾಟಾ ಕಾರು ವಿಭಾಗ ಫೋರ್ಡ್ ಪಾಲಾಗಿದ್ದರೆ ನನ್ನ ಇಕೋಸ್ಪೋರ್ಟ್ ಉಳೀತಿತ್ತಾ?

ಪ್ರಶ್ನೆ: ಸರ್, ನಾನು ಮಂಡ್ಯದವನು. ನನ್ನ ಹತ್ರ 2019ರ ಡೀಸೆಲ್ ಇಕೋಸ್ಪೋರ್ಟ್ ಇದೆ. ಗಾಡಿ ಚೆನ್ನಾಗಿಯೇ ಓಡುತ್ತಿದೆ. ಆದರೆ ಫೋರ್ಡ್ ಇಲ್ಲಿ ಕಾರು ಮಾಡೋದು ನಿಲ್ಲಿಸಿದ ಮೇಲೆ ಮನೆಯಲ್ಲಿ ಒಂದೇ ಮಾತು, ಮಾರಿಬಿಡಿ ಅಂತ. ನಮ್ಮ ಮಾವನವರ ವಾದ ಬೇರೆ. 1999ರಲ್ಲಿ ಟಾಟಾದವರು ಕಾರಿನ ವ್ಯವಹಾರವನ್ನು ಫೋರ್ಡಿಗೆ ಕೊಟ್ಟುಬಿಟ್ಟಿದ್ದರೆ ಫೋರ್ಡ್ ಇವತ್ತು ಇಲ್ಲಿ ಗಟ್ಟಿಯಾಗಿ ನಿಂತಿರುತ್ತಿತ್ತು, ಟಾಟಾ ಬರೀ ಲಾರಿ ಕಂಪನಿಯಾಗಿ ಉಳಿಯುತ್ತಿತ್ತು ಅಂತಾರೆ. ಆಗಿನ ಅವಮಾನಕ್ಕೆ ಸೇಡು ತೀರಿಸಿಕೊಳ್ಳೋಕೇ ಟಾಟಾ ಜಾಗ್ವಾರ್ ಕೊಂಡಿದ್ದು ಅಂತಲೂ ಹೇಳ್ತಾರೆ. ವಿಶ್ವೇಶ್ವರಯ್ಯನವರ ಕಾರು ಕಾರ್ಖಾನೆ ಮೈಸೂರು ಸಂಸ್ಥಾನದಲ್ಲಿ ಆಗಿದ್ದರೆ ನಮ್ಮದೇ ಒಂದು ಟೊಯೊಟಾ ಹುಟ್ಟುತ್ತಿತ್ತಂತೆ. ಇದನ್ನೆಲ್ಲ ಇಟ್ಟುಕೊಂಡು 'ಹೀಗಾಗಿದ್ದರೆ' ಅಂತ ಒಂದು ಸರಣಿ ಬರೆಯುವ ಆಸೆ ನನಗಿದೆ. ಇದರಲ್ಲಿ ನಿಜ ಎಷ್ಟು, ಕಟ್ಟುಕತೆ ಎಷ್ಟು? ಮತ್ತೆ ನನ್ನ ಕಾರನ್ನು ಇಟ್ಕೊಳ್ಳಲಾ, ಮಾರಲಾ? ಮಾರಿ ಬೇರೆ ತಗೊಂಡರೆ ಆ ಕಂಪನಿಯೂ ನಾಳೆ ಯಾರ ಜೊತೆಗೋ ಸೇರಿಬಿಟ್ಟರೆ ಏನು ಗತಿ?

ಉತ್ತರ: ಎಲ್ಲೋ ಯಾರೋ ಹಾಕಿದ ಒಂದು ಸಹಿಯಿಂದ ನಿಮ್ಮ ಮನೆ ಮುಂದೆ ನಿಂತ ಗಾಡಿಯ ಹಣೆಬರಹ ಬದಲಾಗುತ್ತದೆ, ಅದರ ಮೇಲೆ ನಿಮಗೆ ಹಿಡಿತವೇ ಇಲ್ಲ. ನಿಮ್ಮ ಆತಂಕ ಇದು, ಅಲ್ವಾ? ಈ ಭಯದಲ್ಲಿ ಹುರುಳಿದೆ. ಆದರೆ ಆ ಸಹಿಗೆ ನಾವು ಜಾಸ್ತಿ ಬೆಲೆ ಕೊಡುತ್ತೇವೆ. ನಾನು ಮೈಸೂರಿನಲ್ಲಿ ಬಹಳ ವರ್ಷ ಬಿಡಿಭಾಗ ಕಾರ್ಖಾನೆಯ ಕಡೆಯಿಂದ ವಾಹನ ಕಂಪನಿಗಳ ಜೊತೆ ವ್ಯವಹಾರ ಮಾಡಿದವನು. ದರ ಮಾತಾಡುವುದು, ಡೈ, ಅಂದರೆ ಬಿಡಿಭಾಗಕ್ಕೆ ಆಕಾರ ಕೊಡುವ ಉಕ್ಕಿನ ಅಚ್ಚು, ಯಾರ ಖರ್ಚಿನಲ್ಲಿ ಆಗಬೇಕು ಅಂತ ಜಗ್ಗಾಡುವುದು, ಮಾಡೆಲ್ ನಿಂತಾಗ ಬಾಕಿ ವಸೂಲಿಗೆ ಅಲೆಯುವುದು, ಇದೇ ನನ್ನ ಕೆಲಸವಾಗಿತ್ತು. ಅಲ್ಲಿಂದ ನೋಡಿದರೆ ಕಂಪನಿ ಯಾರ ಕೈಗೆ ಹೋಯಿತು ಅನ್ನೋದು ಮುಖ್ಯವಾಗಿ ಕಾಣುವುದಿಲ್ಲ. ಮುಂದಿನ ಮಾಡೆಲ್‌ಗೆ ದುಡ್ಡು ಹಾಕೋರು ಯಾರು, ಹಳೆಯ ಮಾಡೆಲ್‌ನ ಡೈಗಳು ಎಲ್ಲಿಗೆ ಹೋಗುತ್ತವೆ, ಈ ಎರಡೇ ಪ್ರಶ್ನೆ. ಸಕ್ಕರೆ ಕಾರ್ಖಾನೆಯ ಆಡಳಿತ ಬದಲಾದಾಗ ನಿಮ್ಮ ಮಂಡ್ಯದ ಕಬ್ಬು ಬೆಳೆಗಾರ ಕೇಳುವುದೂ ಇಂಥದ್ದೇ: ಈ ಸಲ ಕಬ್ಬು ಅರೀತಾರಾ, ಬಾಕಿ ಯಾರು ಕೊಡ್ತಾರೆ. ಕಂಪನಿಗಳ 'ಹೀಗಾಗಿದ್ದರೆ' ಕತೆಗಳಿಗೂ ಇದೇ ಅಳತೆ ಇಟ್ಟು ನೋಡೋಣ.

ಮೊದಲು 1999. ಟಾಟಾದವರ ಇಂಡಿಕಾ ಕಾರು ಹೊರಗೆ ಬಂದದ್ದು 1998ರ ಡಿಸೆಂಬರ್‌ನಲ್ಲಿ. ಆಗ ಕಂಪನಿಯ ಹೆಸರು ಟೆಲ್ಕೊ. ಆಸ್ಟ್ರೇಲಿಯಾದಲ್ಲಿ ನಿಸಾನ್ ಮುಚ್ಚಿದ್ದ ಕಾರ್ಖಾನೆಯ ಯಂತ್ರಗಳನ್ನು ಕೊಂಡು ಹಡಗಿನಲ್ಲಿ ತಂದು ಪುಣೆಯಲ್ಲಿ ಜೋಡಿಸಿ ಆ ಕಾರು ಮಾಡಿದ್ದರು. ಬುಕಿಂಗ್ ಜೋರಾಗಿತ್ತು, ದೂರುಗಳೂ ಅಷ್ಟೇ ಜೋರಾಗಿದ್ದವು. ಕಾರು ವಿಭಾಗವನ್ನು ಫೋರ್ಡಿಗೆ ಮಾರುವ ಮಾತಿಗೆ ರತನ್ ಟಾಟಾ ಮತ್ತು ಅವರ ತಂಡ ಅಮೆರಿಕಾದ ಡೆಟ್ರಾಯಿಟ್‌ಗೆ ಹೋದದ್ದು, ಅಲ್ಲಿ 'ಗೊತ್ತಿಲ್ಲದ ಮೇಲೆ ಕಾರು ಮಾಡೋಕೆ ಯಾಕೆ ಬಂದಿರಿ' ಅನ್ನುವ ಧಾಟಿಯ ಮಾತು ಕೇಳಬೇಕಾಗಿ ಬಂದದ್ದು, ಇವನ್ನು ಆ ತಂಡದಲ್ಲಿದ್ದ ಪ್ರವೀಣ್ ಕಾಡ್ಲೆ 2015ರಲ್ಲಿ ಒಂದು ಸಮಾರಂಭದಲ್ಲಿ ಹೇಳಿದ್ದಾರೆ. ಹಾಗಾಗಿ ಅವಮಾನದ ಮಾತು ಸುಮ್ನೆ ಹುಟ್ಟಿದ್ದಲ್ಲ.

ಸೇಡಿನ ಭಾಗ ಮಾತ್ರ ನಾವು ಸೇರಿಸಿಕೊಂಡದ್ದು. ಫೋರ್ಡ್ 2006ರಲ್ಲಿ ಒಂದೇ ವರ್ಷಕ್ಕೆ 1,260 ಕೋಟಿ ಡಾಲರ್ ನಷ್ಟ ತೋರಿಸಿತ್ತು. ಆಸ್ತಿಯೆಲ್ಲ ಅಡವಿಟ್ಟು ಸಾಲ ಎತ್ತಿ, ಕೈಲಿದ್ದ ಬ್ರ್ಯಾಂಡ್‌ಗಳನ್ನು ಒಂದೊಂದಾಗಿ ಮಾರಲು ಹೊರಟಿತು. 2007ರಲ್ಲಿ ಆಸ್ಟನ್ ಮಾರ್ಟಿನ್ ಹೋಯಿತು, 2008ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್, 2010ರಲ್ಲಿ ವೋಲ್ವೊ. ಜಾಗ್ವಾರ್ ಲ್ಯಾಂಡ್ ರೋವರ್‌ಗೆ ಟಾಟಾ ಕೊಟ್ಟದ್ದು 230 ಕೋಟಿ ಡಾಲರ್. ಅದಕ್ಕೆ ಎತ್ತಿದ ಸಾಲ 300 ಕೋಟಿ ಡಾಲರ್. ಕೆಲವೇ ತಿಂಗಳಲ್ಲಿ ಜಗತ್ತಿನ ಹಣದ ಮಾರುಕಟ್ಟೆ ಕುಸಿದು, 2008-09ರಲ್ಲಿ ಟಾಟಾ ಮೋಟರ್ಸ್ ಗುಂಪು ಸುಮಾರು 2,500 ಕೋಟಿ ರೂಪಾಯಿ ನಷ್ಟಕ್ಕೆ ಇಳಿಯಿತು. ಇಷ್ಟು ದೊಡ್ಡ ಸಾಲದ ಕಾಗದದ ಮೇಲೆ ಒಂಬತ್ತು ವರ್ಷದ ಹಿಂದಿನ ಸಿಟ್ಟಿಗೆ ಯಾವ ಮಂಡಳಿಯೂ ಒಪ್ಪಿಗೆ ಕೊಡುವುದಿಲ್ಲ. ಅವರಿಗೆ ಬೇಕಾಗಿದ್ದದ್ದು ತಂತ್ರಜ್ಞಾನ, ವಿದೇಶಿ ಮಾರುಕಟ್ಟೆ, ಹೆಸರು. ಆ ಹರಾಜಿನಲ್ಲಿ ಮಹೀಂದ್ರಾ ಕೂಡ ಇತ್ತು. ಅವರಿಗೆ ಯಾವ ಸೇಡೂ ಇರಲಿಲ್ಲವಲ್ಲ!

ಈಗ ನಿಮ್ಮ ಮಾವನವರ ಕತೆಯನ್ನೇ ಹಿಡಿದು ಮುಂದೆ ಹೋಗೋಣ. 1999ರಲ್ಲಿ ವ್ಯವಹಾರ ಕುದುರಿತು ಅಂತಲೇ ಇಟ್ಟುಕೊಳ್ಳಿ. ಫೋರ್ಡ್ ಅದೇ ವರ್ಷ ಚೆನ್ನೈ ಹತ್ತಿರದ ಮರೈಮಲೈ ನಗರದಲ್ಲಿ ಹೊಸ ಕಾರ್ಖಾನೆ ತೆರೆದಿತ್ತು, ವರ್ಷದ ಕೊನೆಗೆ ಐಕಾನ್ ಕಾರು ಬಿಟ್ಟಿತು. ಒಂದು ಕಾರ್ಖಾನೆಯನ್ನೇ ತುಂಬಿಸಲು ಒದ್ದಾಡುತ್ತಿದ್ದವರಿಗೆ ಪುಣೆಯ ಇನ್ನೊಂದು ಕಾರ್ಖಾನೆ ಸಿಗುತ್ತಿತ್ತು. ಮರುವರ್ಷ ಅಮೆರಿಕಾದಲ್ಲಿ ಫೈರ್‌ಸ್ಟೋನ್ ಟೈರಿನ ಗಲಾಟೆ ಎದ್ದಿತು. ಆ ಟೈರ್ ಹಾಕಿದ್ದ ಫೋರ್ಡ್‌ನ ಎಕ್ಸ್‌ಪ್ಲೋರರ್ ಗಾಡಿಗಳು ಮಗುಚಿ, 2000ದ ಆಗಸ್ಟ್‌ನಲ್ಲಿ 65 ಲಕ್ಷ ಟೈರ್ ವಾಪಸ್ ಕರೆದರು. 2001ರಲ್ಲಿ ಫೋರ್ಡ್ ನಷ್ಟ 500 ಕೋಟಿ ಡಾಲರ್ ದಾಟಿತು. ಇಂಥ ಸಮಯದಲ್ಲಿ ತಲೆನೋವಿನ ಇಂಡಿಕಾವನ್ನು ತಿದ್ದಿ ವಿ2 ಅನ್ನುವ ಸುಧಾರಿಸಿದ ಮಾಡೆಲ್ ಮಾಡಲು ಡೆಟ್ರಾಯಿಟ್‌ನಿಂದ ದುಡ್ಡು ಬರುತ್ತಿತ್ತಾ? ನನಗೆ ನಂಬಿಕೆ ಇಲ್ಲ. ಟಾಟಾಗೂ 2000-01ರಲ್ಲಿ 500 ಕೋಟಿ ರೂಪಾಯಿ ನಷ್ಟವಾಗಿತ್ತು ನಿಜ, ಆದರೆ ಅವರಿಗೆ ಇದ್ದದ್ದು ಅದೊಂದೇ ಕಾರು. ತಿದ್ದದೆ ಬೇರೆ ದಾರಿ ಇರಲಿಲ್ಲ. ಫೋರ್ಡಿಗೆ ಇಂಡಿಕಾ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು, ಕಷ್ಟ ಬಂದಾಗ ಮೊದಲು ಹೊಡೆದು ಹಾಕುವ ಸಾಲು.

ಅಷ್ಟಕ್ಕೇ ನಿಲ್ಲುವುದಿಲ್ಲ. ಕಾರು ವಿಭಾಗ ಇಲ್ಲದ ಟಾಟಾ ನ್ಯಾನೊ ಮಾಡುತ್ತಿರಲಿಲ್ಲ. ನ್ಯಾನೊ ಇಲ್ಲದಿದ್ದರೆ ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ಕಾರ್ಖಾನೆಯ ಭೂಮಿಗಾಗಿ ಆದ ಜಗಳವೂ ಇಲ್ಲ, 2008ರಲ್ಲಿ ಗುಜರಾತಿನ ಸಾನಂದಕ್ಕೆ ಗಂಟುಮೂಟೆ ಕಟ್ಟುವುದೂ ಇಲ್ಲ. ಸಾನಂದ ಕಾರು ಊರಾದದ್ದೇ ನ್ಯಾನೊದಿಂದ, ಅದರ ಹಿಂದೆಯೇ ಫೋರ್ಡ್ ಕೂಡ ಅಲ್ಲಿಗೆ ಬಂತು. ಕೊನೆಗೆ ಅದೇ ಫೋರ್ಡ್ ಕಾರ್ಖಾನೆಯನ್ನು ಟಾಟಾ 725.7 ಕೋಟಿ ರೂಪಾಯಿಗೆ ಕೊಂಡು 2023ರ ಜನವರಿಯಲ್ಲಿ ವಶಕ್ಕೆ ತೆಗೆದುಕೊಂಡಿತು. 1999ರಲ್ಲಿ ಒಂದು ಕಾಗದ ಬದಲಾದರೆ ಇಷ್ಟೂ ಬದಲಾಗುತ್ತದೆ. ಆದರೆ ಫೋರ್ಡ್ ಇಲ್ಲಿ ಗಟ್ಟಿಯಾಗುತ್ತಿತ್ತು ಅನ್ನಲು ಒಂದು ಕಾರಣವೂ ನನಗೆ ಕಾಣುತ್ತಿಲ್ಲ.

ಫೋರ್ಡ್ ಉಳಿಯುವ ಕತೆಯೇ ಬೇಕು ಅಂದರೆ ನಿಮ್ಮ ಸರಣಿಯಲ್ಲಿ ಕೊರಿಯಾಗೆ ಹೋಗಿ. ಕಿಯಾದಲ್ಲಿ ಫೋರ್ಡ್ ಮತ್ತು ಅದರ ಜೊತೆಗಿದ್ದ ಮಾಜ್ದಾ ಸೇರಿ ಸುಮಾರು 17% ಪಾಲು ಇಟ್ಟುಕೊಂಡಿದ್ದವು. ಫೋರ್ಡ್ ಹೆಸರಿನ ಫೆಸ್ಟಿವಾ ಅನ್ನುವ ಸಣ್ಣ ಕಾರನ್ನು ಮಾಡಿಕೊಡುತ್ತಿದ್ದದ್ದೇ ಕಿಯಾ. 1997ರಲ್ಲಿ ಕಿಯಾ ದಿವಾಳಿಯಾಗಿ ಮರುವರ್ಷ ಹರಾಜಿಗೆ ಬಂತು. ಫೋರ್ಡ್ ಕೂಡ ಕಣದಲ್ಲಿತ್ತು. ಮೇಲಿದ್ದ ಸಾಲದ ಹೊರೆ ನೋಡಿ ಎಲ್ಲರೂ ಹಿಂದೆಮುಂದೆ ನೋಡಿದರು, ಹರಾಜು ಮತ್ತೆ ಮತ್ತೆ ನಡೆಯಿತು, ಕೊನೆಗೆ ಹ್ಯುಂಡೈ ತೆಗೆದುಕೊಂಡಿತು. 2000ದಲ್ಲಿ ದೇವೂ ಕಾರು ಕಂಪನಿಗೆ ಫೋರ್ಡ್ ಸುಮಾರು 690 ಕೋಟಿ ಡಾಲರ್ ಹೇಳಿ, ಲೆಕ್ಕಪತ್ರ ನೋಡಿದ ಮೇಲೆ ಸೆಪ್ಟೆಂಬರ್‌ನಲ್ಲಿ ಹಿಂದೆ ಸರಿಯಿತು.

ನಮ್ಮಂಥ ಮಾರುಕಟ್ಟೆಗೆ ಬೇಕಾದದ್ದು ಸಣ್ಣ ಕಾರನ್ನು ಕಡಿಮೆ ಖರ್ಚಿನಲ್ಲಿ ಬೇಗ ಬೇಗ ಹೊಸದು ಮಾಡುವ ಕೈ. ಆ ಕೈ ಕೊರಿಯಾದಲ್ಲಿತ್ತು. ಬಿಡಿಭಾಗ ಕೊಡುವವರಾಗಿ ನಾವು ಇದನ್ನು ಕಣ್ಣಾರೆ ನೋಡುತ್ತಿದ್ದೆವು. ಅಮೆರಿಕಾ, ಯೂರೋಪಿನ ಕಂಪನಿಗಳಲ್ಲಿ ಒಂದು ಕ್ಲಿಪ್ ಬದಲಿಸಲು ಡ್ರಾಯಿಂಗ್ ಹೊರದೇಶಕ್ಕೆ ಹೋಗಿ ಸಹಿಯಾಗಿ ಬರಬೇಕಾಗಿತ್ತು. ಕೊರಿಯಾದವರು ಇಂಜಿನಿಯರನ್ನೇ ನಮ್ಮ ಶಾಪ್‌ಗೆ ಕಳಿಸಿ, ನಿಂತಲ್ಲೇ ಅಳತೆ ತೆಗೆದು, ಅವತ್ತೇ ತೀರ್ಮಾನ ಹೇಳುತ್ತಿದ್ದರು. ಫೋರ್ಡ್ ಕೈಗೆ ಕಿಯಾ ಬಂದಿದ್ದರೆ ಅವರ ಸಣ್ಣ ಕಾರು ಫಿಗೋ 2010ರ ತನಕ ಕಾಯಬೇಕಾಗಿರಲಿಲ್ಲ ಅನ್ನೋದು ನನ್ನ ಊಹೆ. ಹ್ಯುಂಡೈಗೂ ಇಷ್ಟು ಬಲ ಬರುತ್ತಿರಲಿಲ್ಲ. ನಮ್ಮ ಗಡಿಯಾಚೆಯ ಪೆನುಕೊಂಡದಲ್ಲಿ ಕಿಯಾ ಕಾರ್ಖಾನೆ ಇರುತ್ತಿತ್ತೋ ಇಲ್ಲವೋ.

ನಿಮ್ಮ ಕಾರಿಗೆ ನೇರವಾಗಿ ತಗಲುವ ತಿರುವು ಇನ್ನೂ ಇತ್ತೀಚಿನದು. 2019ರ ಅಕ್ಟೋಬರ್‌ನಲ್ಲಿ ಮಹೀಂದ್ರಾ ಮತ್ತು ಫೋರ್ಡ್ ಜಂಟಿ ಕಂಪನಿಗೆ ಒಪ್ಪಿದ್ದವು. ಮಹೀಂದ್ರಾಗೆ 51%, ಫೋರ್ಡಿನ ಭಾರತದ ವ್ಯವಹಾರ ಅದರೊಳಕ್ಕೆ. ಕೊರೋನಾ ಬಂತು, ಇಬ್ಬರೂ ಲೆಕ್ಕ ಮತ್ತೆ ಹಾಕಿದರು, 2020ರ ಡಿಸೆಂಬರ್ 31ಕ್ಕೆ ಒಪ್ಪಂದ ಬಿದ್ದುಹೋಯಿತು. ಒಂಬತ್ತು ತಿಂಗಳಿಗೆ, 2021ರ ಸೆಪ್ಟೆಂಬರ್‌ನಲ್ಲಿ, ಹತ್ತು ವರ್ಷದಲ್ಲಿ 200 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡೆವು ಅಂತ ಫೋರ್ಡ್ ಬಾಗಿಲು ಹಾಕುವ ಮಾತು ಹೇಳಿತು. ಆ ಒಪ್ಪಂದ ನಿಂತಿದ್ದರೆ ನಿಮ್ಮ ಗಾಡಿಯ ಸರ್ವಿಸ್ ಇನ್ನಷ್ಟು ಹತ್ತಿರ ಸಿಗುತ್ತಿತ್ತು, ಮಾರುವ ಬೆಲೆಯೂ ಇಷ್ಟು ಬೀಳುತ್ತಿರಲಿಲ್ಲ. ಆದರೆ ಮಹೀಂದ್ರಾ ಮನೆಯಲ್ಲೇ ಎಕ್ಸ್‌ಯುವಿ300 ಇತ್ತು. ಅದೂ ಅದೇ ಅಳತೆ, ಅದೇ ಗಿರಾಕಿ. ಇಕೋಸ್ಪೋರ್ಟ್‌ನ ಮುಂದಿನ ಮಾಡೆಲ್‌ಗೆ ಅವರು ದುಡ್ಡು ಹಾಕುತ್ತಿದ್ದರು ಅಂತ ನಾನು ಬರೆಯುವುದಿಲ್ಲ.

ಕೆಲವು ಸಲ ಕಂಪನಿಗಳು ಒಪ್ಪಿದರೂ ಸರ್ಕಾರದ ಒಂದು ಆದೇಶ ದಾರಿ ಮುರಿಯುತ್ತದೆ. ಜನರಲ್ ಮೋಟರ್ಸ್‌ನ ತಳೇಗಾಂವ್ ಕಾರ್ಖಾನೆಯನ್ನು ಚೀನಾದ ಗ್ರೇಟ್ ವಾಲ್ ಕೊಳ್ಳುವುದಿತ್ತು. 2020ರ ಏಪ್ರಿಲ್‌ನಲ್ಲಿ ಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಮುಂಚಿತ ಅನುಮತಿ ಬೇಕು ಅಂತ ನಿಯಮ ಬಂತು, ವ್ಯವಹಾರ ಕೈಬಿಟ್ಟು ಕೊನೆಗೆ ಹ್ಯುಂಡೈ ಪಾಲಾಯಿತು. ಸರಣಿಗೆ ಇದೂ ಒಂದು ಅಧ್ಯಾಯ ಆದೀತು.

ವಿಶ್ವೇಶ್ವರಯ್ಯನವರ ಮಾತಿಗೆ ಬರೋಣ. ಇದು ನನಗೆ ತುಂಬಾ ಪ್ರೀತಿಯ ವಿಷಯ. 1935ರಲ್ಲಿ ಅವರು ಯೂರೋಪ್, ಅಮೆರಿಕಾ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಬರೆದರು. ಆಗ ಅವರಿಗೆ 70ರ ಮೇಲೆ ವಯಸ್ಸು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರ ಆಸಕ್ತಿ ತೋರಿಸಿತು, ಬ್ರಿಟಿಷ್ ಸರ್ಕಾರ ನೆರವು ಕೊಡಲಿಲ್ಲ. ಅದೇ ವಾಲ್‌ಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಮಾಡಿದರು, ಅದೇ ಇವತ್ತಿನ ಎಚ್‌ಎಎಲ್. ಕಾರು ಮಾತ್ರ ಮುಂಬೈಗೆ ಹೋಯಿತು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್, ಕ್ರೈಸ್ಲರ್ ಸಹಯೋಗ, ಆಮೇಲೆ ಫಿಯಟ್, ಆಮೇಲೆ ನಾವೆಲ್ಲ ನೋಡಿದ ಪದ್ಮಿನಿ.

ಕಾರ್ಖಾನೆ ನಮ್ಮಲ್ಲಿ ಆಗಿದ್ದರೆ ಟೊಯೊಟಾ ಆಗುತ್ತಿತ್ತಾ? ಟೊಯೊಟಾ ಕಂಪನಿ ಶುರುವಾದದ್ದು 1937ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಜಪಾನ್ ಸರ್ಕಾರ ಒಂದು ಕಾನೂನು ಮಾಡಿ, ಅಲ್ಲಿ ಬೇರೂರಿದ್ದ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಬೆಳೆಯದಂತೆ ಕಟ್ಟಿಹಾಕಿತ್ತು. ನಮ್ಮಲ್ಲಿ ಜನರಲ್ ಮೋಟರ್ಸ್ 1928ರಿಂದಲೇ ಮುಂಬೈನಲ್ಲಿ ಕಾರು ಜೋಡಿಸುತ್ತಿತ್ತು, ಫೋರ್ಡ್ ಕೂಡ ಇತ್ತು. ಇಲ್ಲೇ ತಯಾರಿಸುವ ಯೋಜನೆ ಇಲ್ಲದವರು ಹೊರಡಿ ಅಂತ ಹೇಳುವ ನೀತಿ ಬರುವಾಗ 1953 ಆಗಿತ್ತು. ಹಾಗಾಗಿ ಬೆಂಗಳೂರಿನ ಕಾರ್ಖಾನೆ 1938ರಲ್ಲೇ ಶುರುವಾಗಿದ್ದರೂ ಸುಮಾರು 15 ವರ್ಷ ಆ ದೈತ್ಯರ ಎದುರು ರಕ್ಷಣೆಯಿಲ್ಲದೆ ನಿಲ್ಲಬೇಕಾಗಿತ್ತು. ರಕ್ಷಣೆ ಬಂದ ಮೇಲೆ ಲೈಸೆನ್ಸ್ ಬಂತು, ವರ್ಷಕ್ಕೆ ಇಷ್ಟೇ ಕಾರು ಅನ್ನುವ ಮಿತಿ ಬಂತು. ಬರೆಯುವುದಾದರೆ ಕಾರ್ಖಾನೆಯ ಜಾಗವನ್ನು ಬದಲಿಸಿದರೆ ಸಾಲದು, ದೆಹಲಿಯ ನೀತಿಯನ್ನೂ ಬದಲಿಸಿ ಬರೆಯಿರಿ. ಆದರೆ ಒಂದು ಮಾತು ಖಂಡಿತ. ಕಾರ್ಖಾನೆ ಇಲ್ಲಿ ಆಗಿದ್ದರೆ ಡೈ ಮಾಡುವ, ಫೋರ್ಜಿಂಗ್ ಮಾಡುವ, ಗೇರ್ ಕಡೆಯುವ ಕೆಲಸಗಾರರ ಒಂದು ದೊಡ್ಡ ಪಡೆ ಬೆಂಗಳೂರು-ಮೈಸೂರು ದಾರಿಯಲ್ಲಿ ಎರಡು ತಲೆಮಾರು ಮೊದಲೇ ಬೆಳೆದಿರುತ್ತಿತ್ತು. ಬಿಡದಿಯಲ್ಲಿ ಟೊಯೊಟಾ ಕಾರು ಹೊರಬರಲು 1999ರ ಕೊನೆ ಆಗಬೇಕಾಯಿತು.

ನೀವು ಕೇಳದೇ ಇರುವ ಒಂದನ್ನು ನಾನೇ ಹೇಳುತ್ತೇನೆ, ಯಾಕಂದರೆ ನಿಮ್ಮ ಸರಣಿಗೆ ಅದಕ್ಕಿಂತ ಒಳ್ಳೆಯ ವಸ್ತು ಇಲ್ಲ ಅಂತ ನನಗನ್ನಿಸುತ್ತದೆ. ಅದು ಕಾರಲ್ಲ, ಬೈಕು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ. 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಅವರ ಬೆಂಬಲದಿಂದ ಶುರುವಾಗಿ, 1973ರಿಂದ ಯೆಜ್ಡಿ ಹೆಸರಿನಲ್ಲಿ ಬೈಕು ಮಾಡಿ, 1996ರಲ್ಲಿ ಮುಚ್ಚಿಹೋಯಿತು. ಅದನ್ನು ಯಾರೂ ವಹಿಸಿಕೊಳ್ಳಲಿಲ್ಲ. ಅದೇ ಹೊತ್ತಿನಲ್ಲಿ ಬುಲೆಟ್ ಬೈಕು ಮಾಡುವ ಚೆನ್ನೈನ ಎನ್‌ಫೀಲ್ಡ್ ಕೂಡ ಏದುಸಿರು ಬಿಡುತ್ತಿತ್ತು, ಅದನ್ನು ಐಷರ್ ಗುಂಪು ಹಂತಹಂತವಾಗಿ ಕೊಂಡು 1994ರ ಹೊತ್ತಿಗೆ ಪೂರ್ತಿ ಹಿಡಿತ ತೆಗೆದುಕೊಂಡಿತು. ಐಷರ್ ಚೆನ್ನೈಗೆ ಹೋಗುವ ಬದಲು ಮೈಸೂರಿಗೆ ಬಂದಿದ್ದರೆ? ಯೆಜ್ಡಿ ಪ್ರೀತಿಸುವವರು ಇವತ್ತಿಗೂ ಈ ಮಾತು ಆಡುತ್ತಾರೆ. ತೊಡಕು ಎಂಜಿನ್‌ನಲ್ಲಿದೆ. ಬುಲೆಟ್ ಫೋರ್ ಸ್ಟ್ರೋಕ್, ಯೆಜ್ಡಿ ಟೂ ಸ್ಟ್ರೋಕ್, ಅಂದರೆ ಪೆಟ್ರೋಲ್ ಜಾಸ್ತಿ ಕುಡಿದು ಹೊಗೆ ಜಾಸ್ತಿ ಬಿಡುವ ಬಗೆ. 1985ರಲ್ಲಿ ಹೀರೊ ಹೊಂಡಾ ಸಿಡಿ 100 ಬಂದು ಮೈಲೇಜಿನ ರುಚಿ ಹತ್ತಿಸಿತ್ತು, ಹಿಂದೆಯೇ ಹೊಗೆಯ ನಿಯಮಗಳು ಬಿಗಿಯಾದವು. ಯೆಜ್ಡಿಯನ್ನು ಕೊಂಡವರು ಮೊದಲ ದಿನವೇ ಹೊಸ ಎಂಜಿನ್‌ಗೆ ದುಡ್ಡು ಸುರಿಯಬೇಕಾಗಿತ್ತು. ಐಷರ್ ಬುಲೆಟ್‌ನ ವಿಷಯದಲ್ಲಿ ಹಳೆಯ ಎಂಜಿನ್‌ನ ಮೇಲೆಯೇ ಕೆಲವು ವರ್ಷ ತಳ್ಳಿ, ಆಮೇಲೆ ಹೊಸದು ಮಾಡಲು ಸಾಧ್ಯವಾಯಿತು. ಮೈಸೂರಲ್ಲಿ ಆ ಸಮಯ ಸಿಗುತ್ತಿರಲಿಲ್ಲ. ಈ ಕತೆಯನ್ನು ಪ್ರಾಮಾಣಿಕವಾಗಿ ಬರೆದರೆ, ಯೆಜ್ಡಿ ಉಳಿಯಬೇಕಾದರೆ ಯಾರಾದರೂ 1980ರ ದಶಕದಲ್ಲೇ ಫೋರ್ ಸ್ಟ್ರೋಕ್ ಎಂಜಿನ್ ಹಿಡಿದುಕೊಂಡು ಬರಬೇಕಾಗಿತ್ತು. ಆ ವರ್ಷ, ಆ ವ್ಯಕ್ತಿ, ಆ ಬ್ಯಾಂಕು ಯಾವುದು ಅಂತ ಹುಡುಕುವುದೇ ನಿಮ್ಮ ಕೆಲಸ.

ಕಂಪನಿ ಕೈಬದಲಾದರೂ ಕಾರ್ಖಾನೆ ಉಳಿದದ್ದೂ ನಮ್ಮೂರಲ್ಲೇ ಇದೆ. ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆಕೆ ಟೈರ್ ಕೈಗೆ ಹೋಯಿತು, ಟೈರ್ ಬರುವುದು ನಿಲ್ಲಲಿಲ್ಲ. ಹೂಟಗಳ್ಳಿಯ ಆಟೊಮೋಟಿವ್ ಆಕ್ಸಲ್ಸ್‌ನ ವಿದೇಶಿ ಪಾಲುದಾರ ಮೊದಲು ರಾಕ್‌ವೆಲ್, ಆಮೇಲೆ ಮೆರಿಟರ್, 2022ರಲ್ಲಿ ಆ ಮೆರಿಟರ್ ಅನ್ನೇ ಕಮಿನ್ಸ್ ಕೊಂಡಿತು. ಆಕ್ಸಲ್‌ಗಳು ಬರುತ್ತಲೇ ಇವೆ. ಲಾರಿ ಓಡುವ ತನಕ ಆಕ್ಸಲ್ ಬೇಕು, ಅಷ್ಟೇ.

ಈಗ ನಿಮ್ಮ ಗಾಡಿ. ಕಂಪನಿ ಹೋದರೆ ಬಿಡಿಭಾಗ ಹೋಯಿತು ಅನ್ನುವ ನಂಬಿಕೆ ಅರ್ಧ ಮಾತ್ರ ಸರಿ. ಒಂದು ಬಂಪರ್ ಹೇಗೆ ಬರುತ್ತದೆ ಅಂತ ಹೇಳಿದರೆ ನಿಮಗೆ ಅರ್ಥವಾಗುತ್ತದೆ. ಬಂಪರ್ ಮಾಡುವ ಮೋಲ್ಡ್, ಅಂದರೆ ಅದರ ಅಚ್ಚು, ಹಲವು ಟನ್ ತೂಕದ ಉಕ್ಕಿನ ದಿಮ್ಮಿ. ಅದು ಇರುವುದು ಬಿಡಿಭಾಗ ಮಾಡುವವನ ಶೆಡ್ಡಿನಲ್ಲಿ, ಆದರೆ ಅದರ ಮಾಲೀಕ ಕಾರು ಕಂಪನಿ. ಮೈ ಮೇಲೆ ಒಂದು ತಗಡಿನ ಫಲಕ, ಅದರಲ್ಲಿ ಕಂಪನಿಯ ಹೆಸರು, ಪಾರ್ಟ್ ನಂಬರ್ ಕೊರೆದಿರುತ್ತದೆ. ಕಾರು ಓಡುವಾಗ ಆ ಮೋಲ್ಡ್ ಯಂತ್ರದ ಮೇಲೇ ಇರುತ್ತದೆ. ಮಾಡೆಲ್ ನಿಂತ ದಿನ ಗ್ರೀಸ್ ಬಳಿದು, ಪ್ಲಾಸ್ಟಿಕ್ ಹೊದಿಸಿ, ಶೆಡ್ಡಿನ ಹಿಂದೆ ಹಾಕುತ್ತಾರೆ. ಆಮೇಲೆ ನೂರಿನ್ನೂರು ಬಂಪರ್‌ಗೆ ಆರ್ಡರ್ ಬಂದರೆ ಕ್ರೇನಿನಲ್ಲಿ ಎತ್ತಿ ತಂದು, ಕೂರಿಸಿ, ಬಿಸಿ ಮಾಡಿ, ಮೊದಲ ಕೆಲವು ಪೀಸ್ ಎಸೆದು, ಸರಿಯಾದ ಪೀಸ್ ಬರುವಷ್ಟರಲ್ಲಿ ಅರ್ಧ ಶಿಫ್ಟ್ ಹೋಗಿರುತ್ತದೆ. ಆ ಖರ್ಚು ಬಂಪರ್ ಬೆಲೆಯಲ್ಲಿ ಸೇರುತ್ತದೆ, ಇಲ್ಲಾ ಆರ್ಡರ್ ಒಟ್ಟಾಗುವ ತನಕ ಗಿರಾಕಿ ಕಾಯುತ್ತಾನೆ. ಒಂದು ವಿದೇಶಿ ಕಂಪನಿ ಇಲ್ಲಿಂದ ಹೊರಟಾಗ ನಮ್ಮ ಶೆಡ್ಡಿನಲ್ಲಿದ್ದ ಮೋಲ್ಡ್‌ಗಳನ್ನು ಇಟ್ಟುಕೊಳ್ಳಲೂ ಹೇಳದೆ, ಒಯ್ಯಲೂ ಬರದೆ ವರ್ಷಗಟ್ಟಲೆ ಸುಮ್ಮನಿತ್ತು. ಬಾಡಿಗೆ ಕೊಡಿ ಅಂದರೆ ಪತ್ರಕ್ಕೆ ಉತ್ತರವಿಲ್ಲ. ಆ ಕಾರಿನ ಮಾಲೀಕರು ಬಿಡಿಭಾಗ ಇಲ್ಲ ಅಂತ ಅಲೆಯುತ್ತಿದ್ದಾಗ ಮೋಲ್ಡ್ ನಮ್ಮ ಹಿತ್ತಲಲ್ಲೇ ಇತ್ತು. ನನಗೆ ಇವತ್ತಿಗೂ ಅದರ ಬೇಸರ ಇದೆ.

ಎಂಜಿನ್, ಬ್ರೇಕ್, ಸಸ್ಪೆನ್ಷನ್ ಕತೆ ಬೇರೆ. ಫಿಯಟ್ 2019ರ ಹೊತ್ತಿಗೆ ತನ್ನ ಹೆಸರಿನ ಕಾರುಗಳನ್ನು ಇಲ್ಲಿ ನಿಲ್ಲಿಸಿತು, ಆದರೆ ಪುಂಟೊ, ಲಿನಿಯಾ ಇಟ್ಟುಕೊಂಡವರು ಎಂಜಿನ್ ಭಾಗಕ್ಕೆ ಪರದಾಡಲಿಲ್ಲ. ಅವರ 1.3 ಲೀಟರ್ ಡೀಸೆಲ್ ಎಂಜಿನ್ ಸ್ವಿಫ್ಟ್‌ನಲ್ಲೂ ಇತ್ತು, ಟಾಟಾ ವಿಸ್ತಾದಲ್ಲೂ ಇತ್ತು. ಲಕ್ಷಗಟ್ಟಲೆ ಗಾಡಿ ರಸ್ತೆಯಲ್ಲಿದ್ದ ಮೇಲೆ ಆ ಭಾಗ ಮಾಡುವವನಿಗೆ ದುಡ್ಡಿದೆ, ಮಾಡುತ್ತಾನೆ. ನಿಮ್ಮ ಇಕೋಸ್ಪೋರ್ಟ್ ಈ ವಿಷಯದಲ್ಲಿ ತೀರಾ ಅನಾಥವಲ್ಲ. ಅದೇ 1.5 ಡೀಸೆಲ್ ಫಿಗೋ, ಆಸ್ಪೈರ್‌ಗಳಲ್ಲೂ ಇದೆ. ಗಾಡಿ 2022ರ ತನಕ ಚೆನ್ನೈನಲ್ಲಿ ತಯಾರಾಗಿ ಹೊರದೇಶಕ್ಕೂ ಹೋಗಿದೆ. ಫಿಲ್ಟರ್, ಬ್ರೇಕ್ ಪ್ಯಾಡ್, ಕ್ಲಚ್, ಶಾಕ್ ಅಬ್ಸಾರ್ಬರ್, ಇವಕ್ಕೆ ಚಿಂತೆ ಬೇಡ. ಚಿಂತೆ ಇರುವುದು ತಗಡು ಮತ್ತು ಎಲೆಕ್ಟ್ರಾನಿಕ್ಸ್‌ಗೆ. ಅದರಲ್ಲೂ ಹಿಂದಿನ ಬಾಗಿಲು. ಇಕೋಸ್ಪೋರ್ಟ್‌ನ ಸ್ಟೆಪ್ನಿ ಆ ಬಾಗಿಲ ಮೇಲೇ ಕೂತಿದೆ, ಹೆದ್ದಾರಿಯಲ್ಲಿ ಯಾರಾದರೂ ಹಿಂದಿನಿಂದ ಗುದ್ದಿದರೆ ಸ್ಟೆಪ್ನಿ ಒಳಕ್ಕೆ ಹೋಗಿ ಪೂರ್ತಿ ಬಾಗಿಲು ಕೆಡುತ್ತದೆ. ಅದು ತಡವಾಗಿ ಬರುವ, ದುಬಾರಿಯಾದ ಭಾಗ.

ಇಟ್ಟುಕೊಳ್ಳುವುದಾದರೆ ಮೈಸೂರಿನಲ್ಲಿ ಫೋರ್ಡ್ ಕೆಲಸ ಗೊತ್ತಿರುವ, ಆ ಗಾಡಿಯ ಸ್ಕ್ಯಾನರ್ ಇಟ್ಟುಕೊಂಡಿರುವ ಒಬ್ಬ ಮೆಕ್ಯಾನಿಕ್‌ನನ್ನು ಈಗಲೇ ಹಿಡಿದುಕೊಳ್ಳಿ, ಕೆಟ್ಟ ಮೇಲೆ ಹುಡುಕಬೇಡಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಬೇಕು ಅಂತ ಕೈಪಿಡಿಯಲ್ಲಿ ನೋಡಿ, ಅದರಲ್ಲಿ ಉದಾಸೀನ ಬೇಡ, ಬೆಲ್ಟ್ ಕಿತ್ತರೆ ಎಂಜಿನ್ನೇ ಹೋಗುತ್ತದೆ. ಹೆಡ್‌ಲೈಟ್, ಹಿಂದಿನ ಬಾಗಿಲಿನಂಥವು ಬೇಕಾದಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿ, ಗುಜರಿಯಲ್ಲೂ ಒಳ್ಳೆಯ ಸ್ಥಿತಿಯದ್ದು ಸಿಗುತ್ತದೆ. ಇದರ ಅಪಾಯ ಅಂದರೆ ಒಂದು ದೊಡ್ಡ ಗುದ್ದಾಟ. ಗಾಡಿ ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಲ್ಲಬಹುದು, ರಿಪೇರಿ ಖರ್ಚು ಇನ್ಶೂರೆನ್ಸ್ ಮೌಲ್ಯದ ಹತ್ತಿರ ಬಂದರೆ ಕಂಪನಿ ಗಾಡಿಯನ್ನೇ ಪೂರ್ತಿ ನಷ್ಟ ಅಂತ ಬರೆದುಬಿಡಬಹುದು. ಆದ್ದರಿಂದ ಪ್ರೀಮಿಯಂ ಉಳಿಸುವ ಆಸೆಗೆ ಘೋಷಿತ ಮೌಲ್ಯವನ್ನು ಕಡಿಮೆ ಬರೆಸಬೇಡಿ. ಮನೆಗೆ ಇದೊಂದೇ ಗಾಡಿ, ದಿನಾ ಅದೇ ಬೇಕು ಅನ್ನುವ ಹಾಗಿದ್ದರೆ ಈ ಅಪಾಯ ನಿಮಗೆ ದೊಡ್ಡದು.

ಮಾರುವುದಾದರೆ ಬೆಲೆ ಬಿದ್ದಾಗಿದೆ ಅನ್ನುವುದು ನೆನಪಿರಲಿ. ಫೋರ್ಡ್ ಹೋದ ಸುದ್ದಿಯ ಹೊಡೆತವನ್ನು ನೀವು ಆಗಲೇ ತಿಂದಿದ್ದೀರಿ, ಇನ್ನು ಮುಂದೆ ಬೀಳುವುದು ಎಲ್ಲ ಗಾಡಿಗೂ ಬೀಳುವ ಹಾಗೆ ನಿಧಾನವಾಗಿ. ಗಾಬರಿಯಲ್ಲಿ ಎಕ್ಸ್‌ಚೇಂಜ್‌ಗೆ ಕೊಟ್ಟರೆ ಆ ನಷ್ಟ ಪೂರ್ತಿ ನಿಮ್ಮದು, ಲಾಭ ಕೊಂಡವನದು. ಗಾಡಿ ಒಂದೂ ತೊಂದರೆ ಕೊಡುತ್ತಿಲ್ಲ ಅಂತೀರಲ್ಲ, ನಾನಾಗಿದ್ದರೆ ಮಾರುತ್ತಿರಲಿಲ್ಲ.

ಇನ್ನು ಹೊಸದು ಕೊಂಡರೆ ಆ ಕಂಪನಿಯೂ ಸೇರಿಬಿಟ್ಟರೆ ಅನ್ನುವ ಪ್ರಶ್ನೆ. ಸೇರುವುದಕ್ಕಿಂತ ಸೇರಲು ಹೋಗಿ ಮುರಿದುಬೀಳುವುದೇ ಜಾಸ್ತಿ ಸುದ್ದಿಯಾಗುತ್ತದೆ. 2009ರಲ್ಲಿ ಫೋಕ್ಸ್‌ವ್ಯಾಗನ್ ಸುಜುಕಿಯ 19.9% ಪಾಲು ಕೊಂಡಿತು. ಸುಜುಕಿ ಫಿಯಟ್‌ನಿಂದ ಡೀಸೆಲ್ ಎಂಜಿನ್ ತಂದದ್ದಕ್ಕೇ ಜಗಳ ಹತ್ತಿ, 2015ರಲ್ಲಿ ಮಧ್ಯಸ್ಥಗಾರರ ತೀರ್ಪಿನಲ್ಲಿ ಮುಗಿಯಿತು. ಅಷ್ಟೂ ವರ್ಷ ಮಾರುತಿ ಗಿರಾಕಿಗೆ ಏನಾದರೂ ಗೊತ್ತಾಯಿತಾ? ಇಲ್ಲ. 2019ರಲ್ಲಿ ಟೊಯೊಟಾ ಸುಜುಕಿಯಲ್ಲಿ 4.94% ಪಾಲು ತೆಗೆದುಕೊಂಡಿತು, 2022ರಿಂದ ಮಾರುತಿಯ ಗ್ರ್ಯಾಂಡ್ ವಿಟಾರಾ ನಿಮ್ಮ ದಾರಿಯಲ್ಲೇ ಇರುವ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ ತಯಾರಾಗಲು ಶುರುವಾಯಿತು. ಹೊಂಡಾ ಮತ್ತು ನಿಸಾನ್ 2024ರ ಡಿಸೆಂಬರ್‌ನಲ್ಲಿ ಒಂದಾಗುವ ಮಾತಾಡಿ 2025ರ ಫೆಬ್ರವರಿಯಲ್ಲಿ ಕೈಬಿಟ್ಟವು. ಹಾಗಾಗಿ ಶೋರೂಮಿನಲ್ಲಿ ಕಂಪನಿ ಯಾರ ಜೊತೆ ಸೇರುತ್ತದೆ ಅಂತ ಯೋಚಿಸಬೇಡಿ. ಈ ಕಾರಿನ ಎಂಜಿನ್, ಗೇರ್‌ಬಾಕ್ಸ್ ಇನ್ನೆಷ್ಟು ಮಾಡೆಲ್‌ಗಳಲ್ಲಿದೆ ಅಂತ ಕೇಳಿ. ತಿಂಗಳಿಗೆ ಎಷ್ಟು ಮಾರಾಟ ಆಗುತ್ತಿದೆ ನೋಡಿ. ಮಂಡ್ಯದಲ್ಲೋ ಮೈಸೂರಿನಲ್ಲೋ ಅವರ ಸರ್ವಿಸ್ ಸೆಂಟರ್ ಎಷ್ಟು ವರ್ಷದಿಂದ ಇದೆ, ಒಂದು ಬಂಪರ್ ಕೇಳಿದರೆ ಎಷ್ಟು ದಿನಕ್ಕೆ ತರಿಸುತ್ತಾರೆ ಅಂತ ಅಲ್ಲಿನ ಬಿಡಿಭಾಗದ ಕೌಂಟರ್‌ನಲ್ಲಿ ವಿಚಾರಿಸಿ. ಮಾರಾಟದ ಹುಡುಗರ ಹತ್ರ ಕೇಳಬೇಡಿ, ಕೌಂಟರ್‌ನವರು ಸರಿಯಾಗಿ ಹೇಳುತ್ತಾರೆ.